ಕಾರ್ಲ್ಸ್‌ಬ್ಯಾಡಿನ ಇಳಿಜಾರು

ಊರುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಗುಡಿ, ಕೆರೆ, ಶಾಸನ ಇವುಗಳಿಂದ ಆರಂಭಿಸುತ್ತಾರೆ. ಕಲ್ಲೂ ಇಲ್ಲದ, ಕೆತ್ತಿದ ಅಕ್ಷರವೂ ಇಲ್ಲದ, ಬರಿಯ ಮಣ್ಣಿನಿಂದಲೇ ಆದ ಒಂದು ಸ್ಥಳ ಪ್ರಸಿದ್ಧಿಗೆ ಬಂದು, ನಲವತ್ತು ವರ್ಷ ಬಾಳಿ, ಕೊನೆಗೆ ಗುರುತೇ ಇಲ್ಲದಂತೆ ಅಳಿದು ಹೋದರೆ, ಅದರ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು? ಅಂಥ ಸ್ಥಳಕ್ಕೆ ಉಳಿಯುವ ಆಧಾರ ಮುಖ್ಯವಾಗಿ ಅಲ್ಲಿ ಓಡಾಡಿದವರ ನೆನಪು. ಆ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಈ ಹೊತ್ತು ಹೇಳಹೊರಟಿರುವುದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿದ್ದ ಒಂದು ಮೋಟಾರು ಸೈಕಲ್ ಪಂದ್ಯದ ಬಯಲನ್ನು ಕುರಿತು. ಅದರ ಹೆಸರು ಕಾರ್ಲ್ಸ್‌ಬ್ಯಾಡ್ ರೇಸ್‌ವೇ.

ನಾನು ಮೋಟಾರು ಸೈಕಲ್ಲಿನ ಪಂಡಿತನಲ್ಲ. ಕನ್ನಡದ ತರಗತಿಗಳಲ್ಲಿ ಐತಿಹ್ಯಕ್ಕೂ ಇತಿಹಾಸಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಂಡು ಬಂದವನು. ಹಳ್ಳಿಯ ಹಿರಿಯರು ಹೇಳಿದ್ದನ್ನು ಬರೆದಿಟ್ಟ ಕೈಫಿಯತ್ತುಗಳನ್ನು ಓದುವಾಗ, ಯಾವುದು ಕಂಡದ್ದು, ಯಾವುದು ಕೇಳಿದ್ದು, ಯಾವುದು ಬಯಸಿದ್ದು ಎಂದು ಬೇರ್ಪಡಿಸುವ ಅಭ್ಯಾಸ ನಮಗೆ ಇರಬೇಕಾಗುತ್ತದೆ. ಕಾರ್ಲ್ಸ್‌ಬ್ಯಾಡಿನ ಸವಾರರ ನೆನಪುಗಳನ್ನು ಓದುತ್ತ ಹೋದಂತೆ ನನಗೆ ಅದೇ ಅಭ್ಯಾಸ ಉಪಯೋಗಕ್ಕೆ ಬಂದಿತು.

ಮೊದಲು ಹೆಸರಿನ ಮಾತು. 1880ರ ದಶಕದಲ್ಲಿ ಪೆಸಿಫಿಕ್ ಸಾಗರದ ತಡಿಯಲ್ಲಿ, ಸ್ಯಾನ್ ಡಿಯೇಗೊ ನಗರದ ಉತ್ತರಕ್ಕೆ, ಜಾನ್ ಫ್ರೇಜಿಯರ್ ಎಂಬಾತ ಬಾವಿಯನ್ನು ತೋಡಿಸಿದ. ಅದರ ನೀರಿನ ಗುಣ ಯೂರೋಪಿನ ಬೊಹೀಮಿಯದಲ್ಲಿರುವ ಕಾರ್ಲ್ಸ್‌ಬಾಡ್ ಎಂಬ ಪ್ರಸಿದ್ಧ ಊಟೆಗಳ ಊರಿನ ನೀರನ್ನು ಹೋಲುತ್ತದೆ ಎಂದು ಹೇಳಿದರು. ಊರಿಗೆ ಆ ಹೆಸರೇ ನಿಂತಿತು. ರೋಗ ಕಳೆಯುವ ನೀರಿಗಾಗಿ ಹೆಸರಾಗಬೇಕೆಂದು ಬಯಸಿದ ಊರು, ಮುಂದೆ ಲೋಕದ ಸವಾರರ ನಡುವೆ ಹೆಸರಾದದ್ದು ನೀರಿಲ್ಲದೆ ಒಣಗಿದ ನೆಲಕ್ಕಾಗಿ. ಹೆಸರುಗಳ ಚರಿತ್ರೆಯಲ್ಲಿ ಇಂಥ ವಿನೋದಗಳು ಅಪರೂಪವಲ್ಲ.

ಇನ್ನು ಆಟದ ಮಾತು. ಮೋಟೋಕ್ರಾಸ್ ಎಂದರೆ ಗುಡ್ಡ, ತಗ್ಗು, ತಿರುವುಗಳಿಂದ ಕೂಡಿದ ಮಣ್ಣಿನ ಹಾದಿಯಲ್ಲಿ ಅನೇಕ ಸವಾರರು ಏಕಕಾಲದಲ್ಲಿ ಹೊರಟು ಸುತ್ತುಗಳನ್ನು ಹಾಕುವ ಪಂದ್ಯ. ಇದರ ಮೂಲವನ್ನು 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಒಂದು ಓಟಕ್ಕೆ ಒಯ್ಯುತ್ತಾರೆ. ಆಟ ಇಂಗ್ಲಿಷರದು, ಹೆಸರು ಫ್ರೆಂಚರದು. ಎರಡನೆಯ ಮಹಾಯುದ್ಧದ ತರುವಾಯ ಬೆಲ್ಜಿಯಂ, ಸ್ವೀಡನ್ ಮುಂತಾದ ದೇಶಗಳಲ್ಲಿ ಇದು ಬೆಳೆದು, 1957ರಲ್ಲಿ 500 ಸಿ.ಸಿ. ಯಂತ್ರಗಳಿಗೆ ವಿಶ್ವಚಾಂಪಿಯನ್ ಪದವಿ ಏರ್ಪಟ್ಟಿತು. ಅಮೆರಿಕಕ್ಕೆ ಇದು ತಡವಾಗಿ ಬಂತು. ಸ್ಯಾನ್ ಡಿಯೇಗೊ ಕಡೆಯವನೇ ಆದ ಎಡಿಸನ್ ಡೈ ಎಂಬ ವ್ಯಾಪಾರಿ 1966ರಲ್ಲಿ ಸ್ವೀಡನ್ನಿನ ಟಾರ್ಸ್ಟನ್ ಹಾಲ್ಮನ್ ಎಂಬ ವಿಶ್ವಚಾಂಪಿಯನ್ನನನ್ನು ಕರೆಸಿ ಪ್ರದರ್ಶನಗಳನ್ನು ನಡೆಸಿದ. ಆ ಮನುಷ್ಯ ತಮ್ಮ ಸವಾರರನ್ನು ಅನಾಯಾಸವಾಗಿ ಹಿಂದಿಕ್ಕಿದ್ದನ್ನು ಕಂಡ ಅಮೆರಿಕನ್ನರಿಗೆ ತಾವು ಕಲಿಯಬೇಕಾದದ್ದು ಬಹಳವಿದೆ ಎಂದು ಅರಿವಾಯಿತು.

ಕಾರ್ಲ್ಸ್‌ಬ್ಯಾಡಿನ ಬಯಲು ಅಷ್ಟರಲ್ಲಿ ಸಿದ್ಧವಾಗಿತ್ತು. 1964ರಲ್ಲಿ ಅದು ಆರಂಭವಾದದ್ದು ನೇರ ಹಾದಿಯಲ್ಲಿ ಎರಡೆರಡು ಕಾರುಗಳನ್ನು ಓಡಿಸುವ ಡ್ರ್ಯಾಗ್ ಪಂದ್ಯಕ್ಕಾಗಿ. ಪಕ್ಕದ ಗುಡ್ಡಗಳ ಮೇಲೆ ಮೋಟೋಕ್ರಾಸ್ ಹಾದಿ ಮೂಡಿತು. 1973ರಲ್ಲಿ 500 ಸಿ.ಸಿ. ವರ್ಗದ ಅಮೆರಿಕದ ಗ್ರಾಂಡ್ ಪ್ರಿ ಇಲ್ಲಿ ನಡೆಯಿತು. 1986ರವರೆಗೆ ಈ ಪಂದ್ಯ ಕಾರ್ಲ್ಸ್‌ಬ್ಯಾಡಿನದೇ ಆಗಿತ್ತು. ಎ.ಬಿ.ಸಿ. ದೂರದರ್ಶನ ಸಂಸ್ಥೆ ತನ್ನ ವಾರದ ಕ್ರೀಡಾ ಕಾರ್ಯಕ್ರಮದಲ್ಲಿ ಇದನ್ನು ದೇಶಕ್ಕೆಲ್ಲ ತೋರಿಸಿತು. ಮೋಟೋಕ್ರಾಸ್ ಎಂದರೇನೆಂದು ಅರಿಯದ ಸಾವಿರಾರು ಮನೆಗಳಲ್ಲಿ ಕಾರ್ಲ್ಸ್‌ಬ್ಯಾಡ್ ಎಂಬುದೇ ಆ ಆಟದ ಚಿತ್ರವಾಯಿತು.

ಈಗ ಸವಾರರ ನೆನಪಿಗೆ ಬರೋಣ. ಅಲ್ಲಿ ಓಡಿದವರೆಲ್ಲ ಮೊದಲು ಹೇಳುವುದು ಗೆಲವಿನ ಮಾತನ್ನಲ್ಲ, ಸೋಲಿನ ಮಾತನ್ನೂ ಅಲ್ಲ, ನೆಲದ ಗಟ್ಟಿತನವನ್ನು. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮಳೆ ಚಳಿಗಾಲದಲ್ಲಿ ಬೀಳುತ್ತದೆ. ಬೇಸಗೆಯ ಹೊತ್ತಿಗೆ ಅಲ್ಲಿನ ಜೇಡಿಮಣ್ಣು ಬೆಂದ ಇಟ್ಟಿಗೆಯಂತಾಗಿರುತ್ತದೆ. ಅದರ ಮೇಲೆ ನೂರಾರು ಚಕ್ರಗಳು ಉಜ್ಜಿ ಉಜ್ಜಿ ಹಾದಿ ನುಣುಪಾಗಿ, ಟೈರುಗಳ ರಬ್ಬರು ಅಂಟಿ ಕಪ್ಪು ಗೆರೆಯೇ ಮೂಡುತ್ತಿತ್ತು. ಮೆತ್ತನೆಯ ನೆಲವನ್ನು ಕಚ್ಚಿ ಹಿಡಿಯಲೆಂದು ಮಾಡಿದ ಗುಬಟು ಗುಬಟಾದ ಟೈರು ಇಂಥ ನೆಲದಲ್ಲಿ ಹಲ್ಲಿಲ್ಲದ ಬಾಯಿಯಂತೆ ಜಾರುತ್ತದೆ. ವೇಗವನ್ನು ಸ್ವಲ್ಪ ಹೆಚ್ಚಾಗಿ ಬಿಟ್ಟರೆ ಹಿಂದಿನ ಗಾಲಿ ಪಕ್ಕಕ್ಕೆ ಹೊರಳುತ್ತದೆ. ಬೆಲ್ಜಿಯಂನ ಲೊಮೆಲ್ಲಿನ ಆಳವಾದ ಮರಳಿನಲ್ಲಿ, ನಮೂರಿನ ಕೋಟೆಗುಡ್ಡದ ಮರಗಳ ನಡುವೆ ಪಳಗಿದವರಿಗೆ ಇದು ಬೇರೆಯೇ ವಿದ್ಯೆ. ಅಲ್ಲಿ ತೋಳಿನ ಬಲ ಬೇಕು. ಇಲ್ಲಿ ಮುಂಗೈಯ ಸೂಕ್ಷ್ಮತೆ ಬೇಕು. ಇಲ್ಲಿ ಬಿದ್ದವನನ್ನು ನೆಲ ತಾಳಿಕೊಳ್ಳುತ್ತಿರಲಿಲ್ಲ.

ಎರಡನೆಯದು ಇಳಿಜಾರು. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಧಾವಿಸುವ, ತಗ್ಗುದಿಣ್ಣೆಗಳಿಂದ ತುಂಬಿದ ಆ ಹಾದಿಗೆ ಸವಾರರು ಕಾರ್ಲ್ಸ್‌ಬ್ಯಾಡ್ ಫ್ರೀವೇ, ಎಂದರೆ ಹೆದ್ದಾರಿ, ಎಂದು ಅಡ್ಡಹೆಸರಿಟ್ಟಿದ್ದರು. ಈ ಇಳಿಜಾರಿನ ವಿಷಯದಲ್ಲಿ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ವರ್ಷಗಳ ಸವಾರರಿಗೆ ಅದು ಎಲುಬನ್ನು ಅಲುಗಿಸಿದ, ಬದುಕಿ ಕೆಳಗೆ ಬಂದರೆ ಸಾಕೆನ್ನಿಸಿದ ಹಾದಿ. ಕಡೆಯ ವರ್ಷಗಳವರಿಗೆ ಅದು ಎದುರಾಳಿಯನ್ನು ಹಿಂದಿಕ್ಕಲು ಒದಗುತ್ತಿದ್ದ, ಅತಿವೇಗದ ಆನಂದವನ್ನು ಕೊಟ್ಟ ಹಾದಿ. ಒಂದೇ ಗುಡ್ಡದ ಬಗ್ಗೆ ಹೀಗೆ ಎರಡು ಬಗೆಯಲ್ಲಿ ಹೇಳಿದಾಗ, ಮುದುಕರ ಮಾತು ಉತ್ಪ್ರೇಕ್ಷೆ ಎಂದು ತಳ್ಳಿಹಾಕಲು ಅವಸರಪಡುತ್ತೇವೆ. ಹಾಗೆ ಮಾಡುವುದು ತಪ್ಪು. ಇಬ್ಬರ ಕೆಳಗಿದ್ದ ಯಂತ್ರ ಒಂದೇ ಆಗಿರಲಿಲ್ಲ.

1970ರ ಸುಮಾರಿಗೆ ಮೋಟೋಕ್ರಾಸ್ ಸೈಕಲ್ಲಿನ ಹಿಂಗಾಲಿ ಮೇಲಕ್ಕೂ ಕೆಳಕ್ಕೂ ಆಡಬಹುದಾದ ಅಂತರ ಸುಮಾರು 10 ಸೆಂಟಿಮೀಟರು ಮಾತ್ರ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಇಂಜಿನಿಯರು ಹಿಂದಿನ ಎರಡು ಸ್ಪ್ರಿಂಗುಗಳ ಬದಲು ಒಂದೇ ಉದ್ದದ ಸ್ಪ್ರಿಂಗನ್ನು ಆಸನದ ಕೆಳಗೆ ಅಡ್ಡಲಾಗಿ ಅಳವಡಿಸುವ ಉಪಾಯವನ್ನು ಕಂಡುಹಿಡಿದ. ಜಪಾನಿನ ಯಮಾಹಾ ಸಂಸ್ಥೆ ಅದನ್ನು ಕೊಂಡು, 1973ರಲ್ಲಿ ಅದರ ಸಹಾಯದಿಂದ 250 ಸಿ.ಸಿ. ವಿಶ್ವಪದವಿಯನ್ನು ಗೆದ್ದಿತು. ಅಲ್ಲಿಂದ ಮುಂದೆ ಎಲ್ಲ ಕಾರ್ಖಾನೆಗಳೂ ಪೈಪೋಟಿಗೆ ಬಿದ್ದು, 1980ರ ಹೊತ್ತಿಗೆ ಆ ಅಂತರ 30 ಸೆಂಟಿಮೀಟರಿನವರೆಗೆ ಬೆಳೆಯಿತು. ಮೊದಲನೆಯವನ ಬೆನ್ನು ಹೊತ್ತ ಪೆಟ್ಟನ್ನು ಎರಡನೆಯವನ ಸ್ಪ್ರಿಂಗು ಹೊತ್ತಿತು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ನೆನಪನ್ನು ಅಳೆಯುವ ಮೊದಲು ನೆನೆಯುವವನು ಯಾವ ವರ್ಷ, ಯಾವ ವಾಹನದ ಮೇಲೆ ಕುಳಿತಿದ್ದ ಎಂದು ಕೇಳಬೇಕು. ಈ ಒಂದು ಪ್ರಶ್ನೆಯಿಂದ ಅರ್ಧ ವಿರೋಧಗಳು ತಾವಾಗಿ ಕರಗುತ್ತವೆ.

ಮೂರನೆಯದು 1980ರ ಗೆಲವು. 1973ರಿಂದ 1979ರವರೆಗೆ ಏಳು ವರ್ಷವೂ ಅಮೆರಿಕದ ಈ ಪಂದ್ಯವನ್ನು ಗೆದ್ದವರು ಯೂರೋಪಿನವರು. ಅವರಲ್ಲಿ ಹಾಲೆಂಡಿನ ಗೆರಿಟ್ ವೋಲ್ಸಿಂಕ್ ಎಂಬಾತ ಐದು ಸಲ ಗೆದ್ದ. ಆತ ದಂತವೈದ್ಯವನ್ನು ಓದಿದವನು. ಅತಿಥಿಗಳು ಬಂದು ಮನೆಯ ಹಬ್ಬದ ಎಡೆಯನ್ನು ತಾವೇ ಉಂಡು ಹೋಗುವುದನ್ನು ಕ್ಯಾಲಿಫೋರ್ನಿಯದ ತರುಣರು ಗುಡ್ಡದ ಮೇಲೆ ನಿಂತು ನೋಡುತ್ತಿದ್ದರು. 1980ರಲ್ಲಿ ಮಾರ್ಟಿ ಮೋಟ್ಸ್ ಎಂಬ ಸ್ಯಾನ್ ಡಿಯೇಗೊ ಪ್ರಾಂತದ ಸವಾರ ಆ ದಿನದ ಎರಡು ಓಟಗಳನ್ನೂ ಗೆದ್ದು, ಈ ಪಂದ್ಯವನ್ನು ಗೆದ್ದ ಮೊದಲ ಅಮೆರಿಕನ್ನನಾದ. ಆತ ಕಾರ್ಖಾನೆಯ ಸಂಬಳದ ಸವಾರನಲ್ಲ. ಒಂದು ಅಂಗಡಿಯ ಆಶ್ರಯದಲ್ಲಿ ಓಡುತ್ತಿದ್ದವನು. ವಿಶ್ವಚಾಂಪಿಯನ್ನರ ವಿಶೇಷ ಯಂತ್ರಗಳ ಎದುರು ಆತ ತಂದದ್ದು ಆ ನೆಲದ ಪರಿಚಯ. ಪರದೇಶದವರು ವರ್ಷಕ್ಕೊಮ್ಮೆ ತುಳಿಯುವ ಮಣ್ಣು ಆತನಿಗೆ ಊರ ನೆಲವೇ ಆಗಿತ್ತು.

ಈ ದಿನವನ್ನು ಕುರಿತ ನೆನಪುಗಳೇ ಎಲ್ಲಕ್ಕಿಂತ ಹೆಚ್ಚು. ಆ ಒಂದು ಪಂದ್ಯವನ್ನು ಕುರಿತೇ ಸಾಕ್ಷ್ಯಚಿತ್ರವೊಂದು ಬಂದಿದೆ. ಇಲ್ಲಿಯೇ ಹೆಚ್ಚು ಎಚ್ಚರವೂ ಬೇಕು. ದೊಡ್ಡ ಘಟನೆಗೆ ಸಾಕ್ಷಿಗಳ ಸಂಖ್ಯೆ ವರ್ಷ ಕಳೆದಂತೆ ಬೆಳೆಯುವುದು ಲೋಕರೂಢಿ. ದೂರದರ್ಶನದಲ್ಲಿ ಕಂಡದ್ದು ಕಣ್ಣಾರೆ ಕಂಡದ್ದರ ಜೊತೆ ಬೆರೆತು, ಕಾಲಾಂತರದಲ್ಲಿ ಅದೇ ಗುಡ್ಡದ ಮೇಲೆ ತಾನೂ ನಿಂತಿದ್ದೆನೆಂಬ ನಂಬಿಕೆಯಾಗಿ ಗಟ್ಟಿಯಾಗಬಹುದು. ಆದರೂ ಈ ಸಾಕ್ಷ್ಯದ ತಿರುಳನ್ನು ಮುಂದಿನ ಘಟನೆಗಳು ಸಮರ್ಥಿಸುತ್ತವೆ. 1981ರಲ್ಲಿ ಚಕ್ ಸನ್, 1982ರಲ್ಲಿ ಡ್ಯಾನಿ ಚಾಂಡ್ಲರ್ ಕಾರ್ಲ್ಸ್‌ಬ್ಯಾಡನ್ನು ಗೆದ್ದರು. ದೇಶದೇಶಗಳ ತಂಡಗಳ ಪಂದ್ಯದಲ್ಲಿ 1981ರಿಂದ 1993ರವರೆಗೆ ಹದಿಮೂರು ವರ್ಷ ಸತತವಾಗಿ ಅಮೆರಿಕ ಗೆದ್ದಿತು. 1982ರಲ್ಲಿ ಬ್ರ್ಯಾಡ್ ಲ್ಯಾಕಿ 500 ಸಿ.ಸಿ. ವಿಶ್ವಪದವಿಯನ್ನು ಪಡೆದ ಮೊದಲ ಅಮೆರಿಕನ್ನನಾದ. ಆ ದಿನ ಏನೋ ತಿರುಗಿತು ಎಂದು ಸವಾರರು ಹೇಳುವ ಮಾತು ಬರಿಯ ಊರಭಿಮಾನವಲ್ಲ.

ಇನ್ನು ಅಂತ್ಯ. ಗ್ರಾಂಡ್ ಪ್ರಿ 1986ರ ತರುವಾಯ ಬೇರೆಡೆಗೆ ಹೋಯಿತು. ಸ್ಥಳೀಯ ಪಂದ್ಯಗಳು, ಅಭ್ಯಾಸದ ದಿನಗಳು ನಡೆದುಕೊಂಡು ಬಂದವು. ಆದರೆ ಊರು ಸುಮ್ಮನಿರಲಿಲ್ಲ. 1970ರಲ್ಲಿ ಸುಮಾರು 15 ಸಾವಿರವಿದ್ದ ಕಾರ್ಲ್ಸ್‌ಬ್ಯಾಡಿನ ಜನಸಂಖ್ಯೆ 2000ದಲ್ಲಿ 78 ಸಾವಿರವಾಯಿತು. ಗಾಲ್ಫ್ ಸಲಕರಣೆಗಳ ಕಾರ್ಖಾನೆಗಳು ಬಂದವು. 1999ರಲ್ಲಿ ಮಕ್ಕಳ ವಿನೋದಕ್ಕೆಂದು ಲೆಗೋಲ್ಯಾಂಡ್ ಬಂತು. ಧೂಳಿನ ಬಯಲಿನ ಬೆಲೆ ಅದರ ಧೂಳಿನಿಂದ ಬರುವ ಆದಾಯಕ್ಕಿಂತ ಎಷ್ಟೋ ಪಾಲು ಮೇಲಕ್ಕೇರಿತು. 2004ರಲ್ಲಿ ಕಾರ್ಲ್ಸ್‌ಬ್ಯಾಡ್ ರೇಸ್‌ವೇ ಮುಚ್ಚಿತು. ಅಲ್ಲಿ ವ್ಯಾಪಾರ ಸಂಸ್ಥೆಗಳ ಕಟ್ಟಡಗಳು ಎದ್ದವು.

ಇದು ಒಂದು ಬಯಲಿನ ಹಣೆಬರಹ ಮಾತ್ರವಲ್ಲ. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 1980ರಲ್ಲಿ ಆಂಟೇರಿಯೊ, 1984ರಲ್ಲಿ ಸ್ಯಾಡಲ್‌ಬ್ಯಾಕ್, 1989ರಲ್ಲಿ ರಿವರ್‌ಸೈಡ್, 1990ರಲ್ಲಿ ಆಸ್ಕಾಟ್ ಹೀಗೆ ಒಂದರ ಹಿಂದೊಂದು ಪಂದ್ಯದ ನೆಲೆಗಳು ಮುಚ್ಚಿದವು. ಊರಿನ ಹೊರಗೆ ಎಂದು ಕಟ್ಟಿದ್ದನ್ನೆಲ್ಲ ಊರು ಬಂದು ಮುಟ್ಟಿತು. ಯಂತ್ರದ ಜಾತಿಯೂ ಅಳಿಯಿತು: ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ 500 ಸಿ.ಸಿ. ವರ್ಗ 1993ರ ತರುವಾಯ ನಡೆಯಲಿಲ್ಲ.

ಕಾರ್ಲ್ಸ್‌ಬ್ಯಾಡಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅದೇ ಆವರಣದಲ್ಲಿ 1976ರಲ್ಲಿ ಗಾಲಿಹಲಗೆಯ ಆಟಕ್ಕೆಂದು ಕಾಂಕ್ರೀಟಿನ ಅಂಗಳವೊಂದನ್ನು ಕಟ್ಟಿದ್ದರು. ಅಮೆರಿಕದಲ್ಲಿ ಅಂಥವುಗಳ ಪೈಕಿ ಅದು ಮೊದಮೊದಲಿನದು. ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಿ ಮೇಲೆ ಮಣ್ಣು ಹೊದಿಸಿದರು. ಕಾಂಕ್ರೀಟು ಮಣ್ಣಿನಡಿಯಲ್ಲಿ ಕಾಲು ಶತಮಾನ ಹಾಗೆಯೇ ಇದ್ದು, 2005ರಲ್ಲಿ ಹೊಸ ಕಟ್ಟಡಗಳಿಗಾಗಿ ನಾಶವಾಯಿತು. ಅದಕ್ಕೆ ಹೂಳಲು ಒಂದು ದೇಹವಾದರೂ ಇತ್ತು. ಮೋಟೋಕ್ರಾಸಿನ ಹಾದಿಗೆ ಅದೂ ಇಲ್ಲ. ಗುಡ್ಡವನ್ನು ಕಡಿದು ಮಟ್ಟ ಮಾಡಿದ ಮೇಲೆ ಇಳಿಜಾರು ಎಂಬುದು ಎಲ್ಲಿ ಉಳಿಯುತ್ತದೆ? ಹೊಸ ಕಟ್ಟಡಗಳ ಸಮೂಹಕ್ಕೆ ಕಾರ್ಲ್ಸ್‌ಬ್ಯಾಡ್ ರೇಸ್‌ವೇ ಎಂಬ ಹೆಸರನ್ನೇ ಇಟ್ಟರು. ಕೆರೆಯನ್ನು ತುಂಬಿ ಬಡಾವಣೆ ಮಾಡಿದವರು ಬಡಾವಣೆಗೆ ಕೆರೆಯ ಹೆಸರನ್ನೇ ಇಡುವುದನ್ನು ನಾವೂ ಕಂಡಿದ್ದೇವೆ.

ಆದ್ದರಿಂದಲೇ ಸವಾರರ ನೆನಪುಗಳನ್ನು ಹವ್ಯಾಸಿಗಳ ಹರಟೆ ಎಂದು ಬಿಡುವಂತಿಲ್ಲ. ಪಂದ್ಯದ ಪಟ್ಟಿಗಳು ಗೆದ್ದವರ ಹೆಸರನ್ನು ಉಳಿಸುತ್ತವೆ. ದೂರದರ್ಶನದ ಚಿತ್ರಗಳು ಮುಂದೆ ಓಡಿದವರನ್ನು ಉಳಿಸುತ್ತವೆ. ನೆಲ ಹೇಗಿತ್ತು, ಮೊದಲ ಓಟಕ್ಕೂ ಎರಡನೆಯ ಓಟಕ್ಕೂ ನಡುವೆ ಅದು ಹೇಗೆ ಬದಲಾಗುತ್ತಿತ್ತು, ಮೂವತ್ತನೆಯವನಾಗಿ ಬಂದವನಿಗೆ ಆ ಇಳಿಜಾರು ಹೇಗೆ ಕಂಡಿತು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಅದು ಇರುವುದು ಮಣಿಕಟ್ಟಿನ ಹಳೆಯ ನೋವಿನಲ್ಲಿ, ಮೊಣಕಾಲಿನ ಗಾಯದಲ್ಲಿ, ಅವುಗಳ ಜೊತೆ ಬರುವ ಮಾತಿನಲ್ಲಿ.

ಈ ಮಾತಿಗೂ ಆಯುಸ್ಸು ಉಂಟು. ಮಾರ್ಟಿ ಮೋಟ್ಸ್ 2006ರಲ್ಲಿ ತೀರಿಕೊಂಡ. ತಾನು ಗೆದ್ದ ಬಯಲು ಮುಚ್ಚಿದ ಎರಡೇ ವರ್ಷಕ್ಕೆ. 1973ರಲ್ಲಿ ತರುಣರಾಗಿ ಓಡಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಾತನ್ನು ವರ್ಷದ ಸಹಿತ, ವಾಹನದ ಸಹಿತ, ಕಂಡದ್ದು ಬೇರೆ ಕೇಳಿದ್ದು ಬೇರೆ ಎಂಬ ವಿವೇಚನೆಯ ಸಹಿತ ಬರೆದಿಡುವ ಕೆಲಸ ಅವರು ಇರುವಾಗಲೇ ಆಗಬೇಕು. ಅವರೂ ಹೋದ ಮೇಲೆ ಕಾರ್ಲ್ಸ್‌ಬ್ಯಾಡ್ ರೇಸ್‌ವೇ ಎಂದರೆ ಒಂದು ಕಟ್ಟಡ ಸಮೂಹದ ವಿಳಾಸ ಮಾತ್ರ.