ಪೆನ್ಸಿಲ್ ಗೆರೆ ಹೇಳಿದ ತೂಕ

ಮಡಿಕೇರಿಯ ಮನೆಯ ಕಪಾಟಿನಲ್ಲಿ ಒಂದು ಹಲಗೆ ಇದೆ. ಹಾರಾಟದ ಹೊತ್ತಿಗೆ ಪೈಲಟ್‌ಗಳು ತೊಡೆಗೆ ಕಟ್ಟಿಕೊಳ್ಳುವಂಥದ್ದು. ಅದರ ಕ್ಲಿಪ್ಪಿನಡಿ ಇನ್ನೂ ಒಂದು ಹಾಳೆ ಸಿಕ್ಕಿಕೊಂಡಿದೆ: ಹೆಲಿಕಾಪ್ಟರಿನ ಹಾರಾಟ ಕೈಪಿಡಿಯಿಂದ ಜೆರಾಕ್ಸ್ ಮಾಡಿಸಿಕೊಂಡ ಹೋವರ್ ಚಾರ್ಟ್, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವಾಗ ಎಷ್ಟು ತೂಕ ಹೊರಬಹುದೆಂದು ಹೇಳುವ ನಕ್ಷೆ. ಕೆಳಗಿನ ಉಷ್ಣಾಂಶದಿಂದ ಮೇಲಕ್ಕೆ ಹೋಗಬೇಕು, ಎತ್ತರದ ಗೆರೆ ಮುಟ್ಟಿದಲ್ಲಿಂದ ಅಡ್ಡಕ್ಕೆ ತಿರುಗಬೇಕು, ತೂಕದ ಅಂಕಿಗೆ ಬಂದು ನಿಲ್ಲಬೇಕು. 12,000 ಅಡಿಯ ಗೆರೆಯ ಮೇಲೆ ನನ್ನ ಪೆನ್ಸಿಲ್ ಎಷ್ಟು ಸಲ ಓಡಿದೆಯೆಂದರೆ, ಅಲ್ಲಿ ಕಾಗದವೇ ಸವೆದು ಹೊಳೆಯುತ್ತದೆ. ಸೈನ್ಯದಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದೆ. ನಿವೃತ್ತಿಯಾದ ಮೇಲೆ ಆರು ವರ್ಷ ಯಾತ್ರೆಯ ಕಾಲದಲ್ಲಿ ಕೇದಾರನಾಥಕ್ಕೆ ಜನರನ್ನು ಹೊತ್ತೊಯ್ದೆ. ಅಷ್ಟೂ ವರ್ಷ ನನ್ನನ್ನು ಕಾಪಾಡಿದ್ದು ಈ ಹಾಳೆ.

ಇದರ ಕಥೆ ನನ್ನ ಪಾಲಿಗೆ 1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಿನಲ್ಲಿ ಶುರುವಾಗುತ್ತದೆ. ಜಪಾನಿ ಸೇನೆಯ ಹಿಂಬದಿಯಲ್ಲಿ ಒಂದು ಸಣ್ಣ ವಿಮಾನ ಬಿದ್ದಿತ್ತು. ಅದರ ಪೈಲಟ್, ಜೊತೆಗೆ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರು ಅಲ್ಲಿ ಸಿಲುಕಿದ್ದರು. ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟ ಅಮೆರಿಕದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಆ ನಾಲ್ವರನ್ನು ತರಲು ಸಿಕೋರ್ಸ್‌ಕಿ ವೈಆರ್-4ಬಿ ಹೆಲಿಕಾಪ್ಟರಿನಲ್ಲಿ ಹೋದ. ಆ ಬೇಸಿಗೆಯ ಸೆಕೆಯಲ್ಲಿ ಯಂತ್ರ ಒಂದು ಸಲಕ್ಕೆ ಒಬ್ಬನನ್ನು ಎತ್ತುವುದೇ ಹೆಚ್ಚು. ಇಬ್ಬರನ್ನು ಸಾಗಿಸುವಷ್ಟರಲ್ಲಿ ಎಂಜಿನ್ ಕಾದುಹೋಯಿತು. ಉಳಿದಿಬ್ಬರು ಕಾಡಿನಲ್ಲೇ ಇನ್ನೊಂದು ರಾತ್ರಿ ಕಳೆಯಬೇಕಾಯಿತು. ಮರುದಿನ ಅವರನ್ನೂ ಕರೆತಂದ. ಹೆಲಿಕಾಪ್ಟರ್ ಯುದ್ಧದಲ್ಲಿ ಜೀವ ಉಳಿಸಿದ ಮೊದಲ ಪ್ರಸಂಗವೆಂದು ಇದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮಾತ್ರ ಕಾಣುವುದು ಆ ರಾತ್ರಿ ಕಾದವರ ಮುಖ. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ರೋಟರಿಗೂ ಹಿಡಿತವಿಲ್ಲ, ಎಂಜಿನ್ನಿಗೂ ಉಸಿರಿಲ್ಲ. ಚಾರ್ಟು ಹೇಳುವುದೂ ಇದನ್ನೇ, ಅಂಕಿಗಳಲ್ಲಿ.

1946ರ ಮಾರ್ಚ್ 8ರಂದು ಅಮೆರಿಕದಲ್ಲಿ ಬೆಲ್ 47 ಹೆಲಿಕಾಪ್ಟರಿಗೆ ನಾಗರಿಕ ಪ್ರಮಾಣಪತ್ರ ಸಿಕ್ಕಿತು. ಅಂಥದ್ದು ಅದೇ ಮೊದಲು. ಅಲ್ಲಿಂದಾಚೆಗೆ ಈ ಯಂತ್ರ ಸೈನಿಕನಲ್ಲದವನ ಕೈಗೂ ಬಂತು. ಸೈನಿಕನ ಹಿಂದೆ ಇಡೀ ಪಡೆಯ ಅನುಭವ ನಿಂತಿರುತ್ತದೆ. ಹಿಂದಿನವರು ಎಲ್ಲಿ, ಯಾವ ತಿಂಗಳು, ಎಷ್ಟು ಹೊತ್ತರು ಎಂಬುದು ಮೆಸ್ಸಿನ ಊಟದ ಮೇಜಿನಲ್ಲೇ ಕಿವಿಗೆ ಬೀಳುತ್ತದೆ. ನಾಗರಿಕ ಪೈಲಟ್ ಎಷ್ಟೋ ಸಲ ಒಬ್ಬನೇ. ಅವನಿಗೆ ಆ ಅನುಭವ ಸಿಗುವುದು ಯಂತ್ರದ ಜೊತೆ ಬರುವ ಪುಸ್ತಕದಲ್ಲಿ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಹಿಮಾಲಯದ ನೆತ್ತಿಯಲ್ಲಿ ಕೆಲಸ ಮಾಡುವ ಹೆಲಿಕಾಪ್ಟರ್ ಬೇಕೆಂದು ಭಾರತ ಕೇಳಿದಾಗ, ಫ್ರಾನ್ಸಿನವರು ಅಲೂಯೆಟ್ 2ರ ಹಗುರ ಒಡಲಿಗೆ ಅಲೂಯೆಟ್ 3ರ ಎಂಜಿನ್ ಮತ್ತು ರೋಟರ್ ಜೋಡಿಸಿದರು. ಅದು 1969ರ ಮಾರ್ಚ್ 17ರಂದು ಮೊದಲು ಹಾರಿತು. ಅದೇ ವರ್ಷ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಏರಿತು. ಅವರು ಇಟ್ಟ ಹೆಸರು ಲಾಮಾ. ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ಕಟ್ಟಿದಾಗ ಚೀತಾ ಆಯಿತು. 870 ಅಶ್ವಶಕ್ತಿಯ ಎಂಜಿನ್ನನ್ನು 550ಕ್ಕೆ ಬಿಗಿಹಿಡಿದಿದ್ದರು. ಗಾಳಿ ತೆಳುವಾದಂತೆ ಎಂಜಿನ್ ಸೊರಗಿದರೂ ಆ ಮಿಕ್ಕ ಶಕ್ತಿ ಕೈಹಿಡಿಯುತ್ತಿತ್ತು. 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಜ್ಯಾಂ ಬೂಲೆ ಲಾಮಾವನ್ನು 12,442 ಮೀಟರಿಗೆ ಏರಿಸಿದ. ಆ ತುದಿಯಲ್ಲಿ ಎಂಜಿನ್ ಆರಿಹೋಯಿತು. ರೋಟರ್ ಗಾಳಿಗೆ ತಿರುಗುತ್ತಿದ್ದಂತೆ ಅಷ್ಟೆತ್ತರದಿಂದ ನೆಲಕ್ಕಿಳಿದ. ಆ ಸಾಹಸಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ನಾಳೆ ಬೆಳಿಗ್ಗೆ ನಾಲ್ವರನ್ನು ಕೂರಿಸಬಹುದೋ ಐವರನ್ನೋ ಎಂಬುದಕ್ಕೆ ದಾಖಲೆ ಉತ್ತರ ಕೊಡುವುದಿಲ್ಲ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ನಾಗರಿಕ ಕೆಲಸದ ಮೊದಲ ವರ್ಷ, ಗುಡ್ಡದ ಏಣಿನ ಮೇಲೊಂದು ಹೆಲಿಪ್ಯಾಡ್. "ನಿನ್ನೆ ಐದು ಜನರನ್ನು ಎತ್ತಿದೆ, ಏನೂ ತೊಂದರೆಯಿಲ್ಲ" ಎಂದ ಜೊತೆಗಾರನ ಮಾತು ನಂಬಿ ಚಾರ್ಟ್ ತೆಗೆಯಲೇ ಇಲ್ಲ. ಅವನು ಹಾರಿದ್ದು ಬೆಳಿಗ್ಗೆ ಆರಕ್ಕೆ, ನಾನು ಹೊರಟಿದ್ದು ನಡು ಮಧ್ಯಾಹ್ನ. ಮೂರಡಿ ಮೇಲೆ ಹೋವರ್ ಚೆನ್ನಾಗಿಯೇ ನಿಂತಿತು. ರೋಟರ್ ಕೆಳಕ್ಕೆ ತಳ್ಳಿದ ಗಾಳಿಗೆ ನೆಲ ಅಡ್ಡವಿದ್ದಾಗ ಹೊರೆ ಹಗುರಾಗುತ್ತದೆ. ಮೂಗು ಬಗ್ಗಿಸಿ ಅಂಚು ದಾಟಿದ ಕ್ಷಣ ಆ ಆಸರೆ ತಪ್ಪಿತು. ಟಾರ್ಕ್ ಮುಳ್ಳು ಕೆಂಪು ಗೆರೆಯಲ್ಲಿ, ರೋಟರಿನ ವೇಗ ಕುಸಿಯುತ್ತಿದೆ, ಎಚ್ಚರಿಕೆಯ ಹಾರ್ನ್ ಕಿವಿಯಲ್ಲಿ. ಮುಂದೆ ಆಳವಾದ ಕಣಿವೆ ಇದ್ದದ್ದು ಪುಣ್ಯ. ಯಂತ್ರವನ್ನು ಅದರೊಳಕ್ಕೇ ಬಿಟ್ಟು ವೇಗ ಗಳಿಸಿಕೊಂಡೆ. ಸಂಜೆ ಚಾರ್ಟ್ ತೆಗೆದು ನೋಡಿದರೆ, ನೆಲದಾಸರೆಯ ಹೋವರ್ ಪುಟದಲ್ಲಿ ನನ್ನ ತೂಕ ಒಳಗಿತ್ತು. ಆಸರೆಯಿಲ್ಲದ ಹೋವರ್‌ನ ಪುಟದಲ್ಲಿ ಹೊರಗಿತ್ತು. ಎರಡು ಪುಟ ಯಾಕಿವೆ ಎಂದು ಆವತ್ತು ನನ್ನ ಮೈಗೆ ಗೊತ್ತಾಯಿತು.

ಕೇದಾರ ಹೆಚ್ಚುಕಡಿಮೆ 11,750 ಅಡಿಯಲ್ಲಿದೆ. ಲೆಕ್ಕದ ಪ್ರಕಾರ ಆ ಎತ್ತರದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಎಂಟು ಡಿಗ್ರಿ ಕೆಳಗಿರಬೇಕು. ಬಿಸಿಲೇರಿ 15 ಡಿಗ್ರಿಯಾದರೆ 23 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ಹೆಲಿಕಾಪ್ಟರಿನ ಪಾಲಿಗೆ ಅದು 14,500 ಅಡಿ. ದೇವಸ್ಥಾನ ಇದ್ದಲ್ಲೇ ಇದೆ, ಗಾಳಿ ಮಾತ್ರ ಅದನ್ನು ಇನ್ನೂ ಮೇಲಕ್ಕೆ ಎತ್ತಿಟ್ಟಿದೆ. ಅದೂ ಚಾರ್ಟಿನ ಅಂಕಿಗಳು ಸುಸ್ಥಿತಿಯ ಎಂಜಿನ್, ಪಳಗಿದ ಕೈ ಎರಡನ್ನೂ ನಂಬಿ ಬರೆದವು. ನಾನು ಯಾವಾಗಲೂ ಅದರಿಂದ ಒಂದಿಷ್ಟು ಕಿಲೋ ಕಳೆದೇ ಲೆಕ್ಕ ಹಾಕುತ್ತಿದ್ದೆ.

ಸೈನ್ಯದಲ್ಲಿ ಹೊರೆಯೆಂದರೆ ಹಿಟ್ಟಿನ ಮೂಟೆ, ಸೀಮೆಎಣ್ಣೆಯ ಕ್ಯಾನು. ಇಳಿಸು ಎಂದರೆ ಇಳಿಯುತ್ತಿತ್ತು. ಇಲ್ಲಿ ಹೊರೆಗೆ ಹರಕೆ ಇದೆ, ಟಿಕೆಟ್ ಇದೆ, ಕಣ್ಣೀರಿದೆ. ಕೇದಾರದ ಮುಖ್ಯ ಅರ್ಚಕರಾದ ರಾವಲರು ಸಂಪ್ರದಾಯದಂತೆ ನಮ್ಮ ನಾಡಿನ ವೀರಶೈವ ಪರಂಪರೆಯವರು, ಹಾಗಾಗಿ ಕನ್ನಡದ ಯಾತ್ರಿಕರು ಅಲ್ಲಿ ಆಗಾಗ ಸಿಗುತ್ತಿದ್ದರು. ಒಂದು ಮಧ್ಯಾಹ್ನ ಗದಗ ಕಡೆಯ ಐವರು ತಕ್ಕಡಿ ಹತ್ತಿ ಇಳಿದರು. ನಾಲ್ವರಷ್ಟೇ ಬರಬಹುದೆಂದೆ. ಇಳಕಲ್ ಸೀರೆಯ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಮಗನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ ತಮ್ಮಾ?"

"ಮುಂದಿನ ಸರದಿಗೆ ನಾನೇ ಕರ್ಕೊಂಡು ಬರ್ತೀನಿ ಅಮ್ಮಾ" ಎಂದು ಹಾಳೆ ತೋರಿಸಿದೆ. ಪೆನ್ಸಿಲ್ ಗೆರೆ ಎಲ್ಲಿಗೆ ಮುಟ್ಟಿ ನಿಂತಿದೆಯೋ ಅಲ್ಲಿ ಅವರು ಬೆರಳಿಟ್ಟು ನೋಡಿದರು.

"ಇದು ನಮ್ಮ ತೂಕ ಏನು?"

"ಹೌದಮ್ಮಾ. ಇದರಾಚೆಗೆ ಹೋಗೋ ಹಾಗಿಲ್ಲ."

ಅವರು ಮತ್ತೇನೂ ಕೇಳದೆ ಹತ್ತಿ ಕುಳಿತರು. ಮಗ ಮುಂದಿನ ಸರದಿಯಲ್ಲಿ ಬಂದ: 62 ಕಿಲೋ, ಚೀಲ 4. ಹಾಳೆಯ ಅಂಚಿನಲ್ಲಿ ಬರೆದ ಆ ಎರಡು ಅಂಕಿ ಇನ್ನೂ ಅಳಿಸಿಲ್ಲ.