ಹದಿನೆಂಟು ರೂಪಾಯಿಯ ಅರ್ಥಶಾಸ್ತ್ರ

2019ರ ಅಕ್ಟೋಬರ್ 14ರಂದು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪ್ರಕಟವಾದಾಗ ಮೂವರು ವಿಜೇತರಲ್ಲಿ ಅಭಿಜಿತ್ ಬ್ಯಾನರ್ಜಿ ಒಬ್ಬರಾಗಿದ್ದರು. ಅವರು 1983ರಲ್ಲಿ ಎಂ.ಎ. ಮುಗಿಸಿದ್ದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ. ಆಗ ದೇಶದ ಹಣಕಾಸು ಸಚಿವೆಯಾಗಿದ್ದ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ನಿರ್ಮಲಾ ಸೀತಾರಾಮನ್ ಕೂಡ ಅಲ್ಲಿಯೇ ಅರ್ಥಶಾಸ್ತ್ರ ಓದಿದವರು. ಪ್ರಶಸ್ತಿಯ ಸಂಭ್ರಮ ಮುಗಿಯುವ ಮೊದಲೇ, ಅದೇ ತಿಂಗಳ ಕೊನೆಯಲ್ಲಿ, ವಿಶ್ವವಿದ್ಯಾಲಯ ತನ್ನ ಹಾಸ್ಟೆಲ್ ಕೊಠಡಿಯ ಬಾಡಿಗೆಯನ್ನು 10 ರೂಪಾಯಿಯಿಂದ 300ಕ್ಕೆ ಏರಿಸಲು ಹೊರಟಿತು. ಕ್ಯಾಂಪಸ್ಸು ಬೀದಿಗಿಳಿಯಿತು. ಸರ್ಕಾರದ ಹಣದಲ್ಲಿ ಅರ್ಥಶಾಸ್ತ್ರ ಓದುವುದಕ್ಕೆ ಎಷ್ಟು ಖರ್ಚು, ಅದನ್ನು ಯಾರು ಭರಿಸಬೇಕು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ಜೆ.ಎನ್.ಯು. 1966ರ ಕಾಯ್ದೆಯಿಂದ ರೂಪುಗೊಂಡು 1969ರಲ್ಲಿ ಆರಂಭವಾಯಿತು. ಅರ್ಥಶಾಸ್ತ್ರಕ್ಕೆ ದೆಹಲಿಯಲ್ಲಿ ಆಗಲೇ ಒಂದು ದೊಡ್ಡ ಮನೆಯಿತ್ತು. ಅದು 1949ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. (ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯೂ ಅವರದೇ ಕೂಸು.) ಅದಕ್ಕಿಂತ ಭಿನ್ನವಾದ ಅರ್ಥಶಾಸ್ತ್ರವನ್ನು ಕಲಿಸಬೇಕೆಂಬ ಹಂಬಲದಿಂದ 1973ರಲ್ಲಿ ಜೆ.ಎನ್.ಯು.ನ ಅರ್ಥಶಾಸ್ತ್ರ ಮತ್ತು ಯೋಜನಾ ಅಧ್ಯಯನ ಕೇಂದ್ರ ಹುಟ್ಟಿಕೊಂಡಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದವರು ಕೃಷ್ಣಾ ಭಾರದ್ವಾಜ್.

ಈ ಹೆಸರು ಕನ್ನಡಿಗರಿಗೆ ಇನ್ನಷ್ಟು ಪರಿಚಿತವಾಗಬೇಕಿತ್ತು. 1935ರಲ್ಲಿ ಕಾರವಾರದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಮಾಡಿದವರು ಅವರು. ಕೇಂಬ್ರಿಜ್‌ನ ಪಿಯೆರೊ ಸ್ರಾಫಾ 1960ರಲ್ಲಿ ಪ್ರಕಟಿಸಿದ, ನೂರು ಪುಟ ಮೀರದ, ಆದರೆ ಪಂಡಿತರನ್ನೂ ಬೆವರಿಸಿದ ಪುಸ್ತಕವೊಂದಕ್ಕೆ ಮುಂಬಯಿಯ 'ಎಕನಾಮಿಕ್ ವೀಕ್ಲಿ'ಯಲ್ಲಿ 1963ರಲ್ಲಿ ಅವರು ಬರೆದ ವಿಮರ್ಶೆ ಕೇಂಬ್ರಿಜ್‌ನ ಗಮನವನ್ನೇ ಸೆಳೆಯಿತು. 1974ರ ಅವರ ಗ್ರಂಥ ಭಾರತದ ಕೃಷಿ ಉತ್ಪಾದನೆಯನ್ನು ಕುರಿತದ್ದು. ಸಣ್ಣ ಹಿಡುವಳಿದಾರ ಸಂತೆಗೆ ಬರುವುದು ಲಾಭದ ಲೆಕ್ಕ ಹಾಕಿ ಅಲ್ಲ, ಸಾಲದ ಒತ್ತಾಯಕ್ಕೆ. ಭೂಮಿ, ಸಾಲ, ದುಡಿಮೆಯ ವ್ಯವಹಾರಗಳು ಒಂದಕ್ಕೊಂದು ಹೆಣೆದುಕೊಂಡಾಗ ಚೌಕಾಶಿ ಮಾಡುವ ಶಕ್ತಿ ಅವನಿಗೆ ಉಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ರಿಕಾರ್ಡೊ, ಮಾರ್ಕ್ಸ್‌ರನ್ನು ಇತಿಹಾಸದ ಕಪಾಟಿಗೆ ತಳ್ಳದೆ ಗಣಿತದ ಸೂತ್ರಗಳ ಜೊತೆಗೇ ಓದಿಸುವ ಪದ್ಧತಿ ಈ ಕೇಂದ್ರದಲ್ಲಿ ಬೇರೂರಿತು. 1992ರಲ್ಲಿ ಅವರು ತೀರಿಕೊಂಡರು.

ಇಂಥ ಪಾಠಕ್ಕೆ ವಿದ್ಯಾರ್ಥಿ ಕೊಡುತ್ತಿದ್ದ ಬೋಧನಾ ಶುಲ್ಕ ವರ್ಷಕ್ಕೆ 216 ರೂಪಾಯಿ, ಎಂದರೆ ತಿಂಗಳಿಗೆ 18. ಎಪ್ಪತ್ತರ ದಶಕದಲ್ಲಿ ಅದು ಕಡಿಮೆಯೆನಿಸಿದರೂ ಲೆಕ್ಕಕ್ಕೆ ಬರುವ ಮೊತ್ತವೇ. ಬೆಲೆಗಳು ಏರುತ್ತ ಹೋದವು, ಶುಲ್ಕ ನಿಂತಲ್ಲೇ ನಿಂತಿತು. ಶಿಕ್ಷಣ ಬಹುಮಟ್ಟಿಗೆ ಉಚಿತವಾಗಲಿ ಎಂದು ಯಾರೂ ತೀರ್ಮಾನಿಸಲಿಲ್ಲ. ಹಣದುಬ್ಬರವೇ ಆ ಕೆಲಸ ಮಾಡಿತು. ಹಣದುಬ್ಬರದ ಪಾಠ ಹೇಳುವ ವಿಭಾಗದಲ್ಲೇ ಹೀಗಾದದ್ದು ತಮಾಷೆಯ ಸಂಗತಿ.

ಆದರೆ 216 ರೂಪಾಯಿಯ ಸುತ್ತ ನಡೆದ ಚರ್ಚೆಯೆಲ್ಲ ಸ್ವಲ್ಪ ದಾರಿ ತಪ್ಪಿದ್ದೇ. ದೂರದ ಊರಿನಿಂದ ದೆಹಲಿಗೆ ಬಂದವರಿಗೆ ತುಟ್ಟಿಯಾಗುವುದು ಪಾಠವಲ್ಲ, ಸೂರು ಮತ್ತು ಊಟ. ಇಬ್ಬರ ಕೊಠಡಿಗೆ ತಿಂಗಳಿಗೆ 10 ರೂಪಾಯಿ, ಒಬ್ಬರದಕ್ಕೆ 20. ಮೆಸ್ಸಿನ ಖರ್ಚು ಮಾತ್ರ ವಿದ್ಯಾರ್ಥಿಗಳದು. ಅಡುಗೆಯವರ ಸಂಬಳ, ನೀರು, ವಿದ್ಯುತ್ತು ವಿಶ್ವವಿದ್ಯಾಲಯದ ಪಾಲಿಗೆ. ಇದರ ಜೊತೆಗೆ, ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶ ಪರೀಕ್ಷೆಯಲ್ಲಿ ಕೆಲವು ಹೆಚ್ಚುವರಿ ಅಂಕ ಕೊಡುವ ಪದ್ಧತಿಯೂ ಇತ್ತು. ಮಹಿಳಾ ಸಾಕ್ಷರತೆಯಂಥ ಜನಗಣತಿಯ ಅಂಕಿಅಂಶಗಳಿಂದ ಜಿಲ್ಲೆಯ ಸ್ಥಿತಿಯನ್ನು ಅಳೆಯಲಾಗುತ್ತಿತ್ತು. 1983ರ ವಿದ್ಯಾರ್ಥಿ ಚಳವಳಿಯ ನಂತರ ಈ ನೀತಿಯನ್ನು ಕೈಬಿಡಲಾಯಿತು. ತೊಂಬತ್ತರ ದಶಕದ ಇನ್ನೊಂದು ಹೋರಾಟದ ಬಳಿಕ ಮರಳಿ ತರಲಾಯಿತು. 1983ರಲ್ಲಿ ತಿಹಾರ್ ಜೈಲು ಸೇರಿದ ನೂರಾರು ವಿದ್ಯಾರ್ಥಿಗಳಲ್ಲಿ ಬ್ಯಾನರ್ಜಿಯೂ ಇದ್ದರು. ಹತ್ತು ದಿನ ಒಳಗಿದ್ದುದಾಗಿ ಅವರೇ ಬರೆದುಕೊಂಡಿದ್ದಾರೆ.

ಓದಿ ಹೊರಬಂದವರು ಏನಾದರು? ಅರ್ಥಶಾಸ್ತ್ರದ ಎಂ.ಎ. ಪದವೀಧರರಿಗೆ 1961ರಲ್ಲಿ ರಚನೆಯಾದ ಭಾರತೀಯ ಆರ್ಥಿಕ ಸೇವೆ, ರಿಸರ್ವ್ ಬ್ಯಾಂಕ್, ಐ.ಎ.ಎಸ್. ಪರೀಕ್ಷೆ, ಕಾಲೇಜು ಅಧ್ಯಾಪಕ ವೃತ್ತಿಗಳ ದಾರಿ ತೆರೆದಿತ್ತು. 1991ರ ನಂತರ ಖಾಸಗಿ ಬ್ಯಾಂಕು, ಸಲಹಾ ಸಂಸ್ಥೆಗಳು ಸೇರಿಕೊಂಡವು. ಹಲವರು ಡಾಕ್ಟರೇಟ್‌ಗೆಂದು ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದರು. ಬ್ಯಾನರ್ಜಿಯೂ 1988ರಲ್ಲಿ ಹಾರ್ವರ್ಡ್‌ನ ಪಿಎಚ್.ಡಿ. ಪಡೆದವರೇ. ಬಡ ದೇಶದ ತೆರಿಗೆ ಹಣದಲ್ಲಿ ಓದಿ ಶ್ರೀಮಂತ ದೇಶದಲ್ಲಿ ದುಡಿಯುವವರ ಮೇಲೆ ತೆರಿಗೆ ಹಾಕಬೇಕೆಂದು ಎಪ್ಪತ್ತರ ದಶಕದಲ್ಲಿ ಸೂಚಿಸಿದವರು ಜಗದೀಶ್ ಭಗವತಿ. ದೆಹಲಿ ಸ್ಕೂಲಿನಲ್ಲಿ ಪಾಠ ಹೇಳಿದ್ದ ಅವರೂ ಅಮೆರಿಕದಲ್ಲೇ ನೆಲೆಸಿದವರು. ಆ ತೆರಿಗೆ ಜಾರಿಗೆ ಬರಲಿಲ್ಲ.

ಸರ್ಕಾರದ ಕೈ ಬಿಗಿಯಾದದ್ದು ಉದಾರೀಕರಣದ ನಂತರ. ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳು ವಾರ್ಷಿಕ ವೆಚ್ಚದ ಶೇ 15ರಷ್ಟನ್ನು ಸ್ವಂತವಾಗಿ ಗಳಿಸಿ, ಹತ್ತು ವರ್ಷಗಳಲ್ಲಿ ಅದನ್ನು ಶೇ 25ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. 2000ದ ಬಿರ್ಲಾ–ಅಂಬಾನಿ ವರದಿ ಇನ್ನೂ ಮುಂದೆ ಹೋಗಿ, ಉನ್ನತ ಶಿಕ್ಷಣದ ವೆಚ್ಚವನ್ನು ಓದುವವನೇ ಭರಿಸಲಿ ಎಂದಿತು.

2019ರ ಪ್ರಸ್ತಾವ ಬೋಧನಾ ಶುಲ್ಕವನ್ನು ಮುಟ್ಟಲಿಲ್ಲ. ಪೆಟ್ಟು ಬಿದ್ದದ್ದು ಹಾಸ್ಟೆಲ್ಲಿಗೆ. ಬಾಡಿಗೆ 300, ಸೇವಾ ಶುಲ್ಕ 1,700, ಸೇರಿ ತಿಂಗಳಿಗೆ 2,000 ರೂಪಾಯಿ. ನೀರು, ವಿದ್ಯುತ್ತು, ಊಟ ಬೇರೆ. ವಿಶ್ವವಿದ್ಯಾಲಯದ 2017-18ರ ವಾರ್ಷಿಕ ವರದಿಯ ಪ್ರಕಾರ ಹೊಸದಾಗಿ ಸೇರಿದವರಲ್ಲಿ ಶೇ 40ರಷ್ಟು ಮಂದಿಯ ಕುಟುಂಬದ ತಿಂಗಳ ಆದಾಯ 12,000 ರೂಪಾಯಿಗಿಂತ ಕಡಿಮೆ. ಅಂಥ ಮನೆಯ ಆದಾಯದ ಆರನೆಯ ಒಂದು ಭಾಗಕ್ಕೂ ಹೆಚ್ಚು ಊಟಕ್ಕೆ ಮೊದಲೇ ಕರಗಬೇಕಿತ್ತು. ಪ್ರತಿಭಟನೆಯ ನಂತರ ಬಡತನ ರೇಖೆಗಿಂತ ಕೆಳಗಿನವರಿಗೆ ರಿಯಾಯಿತಿ ಘೋಷಣೆಯಾಯಿತು. ವಿದ್ಯಾರ್ಥಿ ಸಂಘ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. 2020ರ ಜನವರಿ 24ರಂದು ನ್ಯಾಯಾಲಯ, ನೋಂದಣಿಯಾಗದೆ ಉಳಿದ ವಿದ್ಯಾರ್ಥಿಗಳು ಒಂದು ವಾರದೊಳಗೆ ಹಳೆಯ ಹಾಸ್ಟೆಲ್ ದರದಲ್ಲೇ ನೋಂದಾಯಿಸಿಕೊಳ್ಳಬಹುದೆಂದು ಮಧ್ಯಂತರ ಆದೇಶ ನೀಡಿತು.