ಲಾಳ ಕಳಚಿದರೆ ಸವಾರನೂ ಇಲ್ಲ

ಎತ್ತಿಗೆ ಲಾಳ ಕಟ್ಟಿಸಿದವರಿಗೆ ಗೊತ್ತು, ಲಾಳ ನಿಲ್ಲುವುದು ಮೊಳೆಯ ಹಿಡಿತದಲ್ಲಿ. ಕುದುರೆಗೂ ಅಷ್ಟೇ. ಎತ್ತಿನ ಕಾಲಿಗೆ ಎರಡು ತುಂಡು, ಕುದುರೆಗೆ ಒಂದೇ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಹತ್ತಿರಹತ್ತಿರ 1 ಸೆಂಟಿಮೀಟರ್. ಬೆಳೆದಂತೆ ಮೊಳೆ ಸಡಿಲ. ಒಮ್ಮೆ ಕೆಸರು, ಒಮ್ಮೆ ಒಣನೆಲ ಎಂದು ಓಡಾಡಿದರೆ ಮೊಳೆಯ ತೂತೂ ಅಗಲವಾಗುತ್ತದೆ. ಆಗ ಹಿಂಗಾಲು ಮುಂಗಾಲಿನ ಲಾಳವನ್ನು ತುಳಿದರೆ ಮುಗಿಯಿತು. ಅದಕ್ಕೇ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಹೆರೆದು, ಮತ್ತೆ ಹೊಡೆಯಬೇಕು.

ಮನೆಯ ಒಂದು ಕುದುರೆಗಾದರೆ ಸರಿ, ಸಾವಿರಾರು ಕುದುರೆಗಳ ದಂಡಿಗೆ? 1861ರಿಂದ 1865ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದಾಗ ಇದೇ ತಲೆನೋವು. ಉತ್ತರದವರಿಗೆ ಟ್ರಾಯ್ ಊರಿನಲ್ಲಿ ಹೆನ್ರಿ ಬರ್ಡನ್ ಎಂಬವರ ಕಾರ್ಖಾನೆಯಿತ್ತು. ಅವರ ಯಂತ್ರ ನಿಮಿಷಕ್ಕೆ 60 ಲಾಳ ಉದುರಿಸುತ್ತಿತ್ತು! ದಕ್ಷಿಣದವರಿಗೆ ಕಬ್ಬಿಣಕ್ಕೇ ಬರ. ಸತ್ತ ಕುದುರೆಯ ಲಾಳ, ಮೊಳೆ ಕಿತ್ತು ಬದುಕಿದ್ದವಕ್ಕೆ ಹೊಡೆದರು.

ಅಲ್ಲಿ ಕುದುರೆ ಸರ್ಕಾರದ್ದಲ್ಲ, ಸವಾರನದೇ. ಬರಿಗಾಲಲ್ಲಿ ಓಡಿ ಗೊರಸು ಒಡೆದು ಕುದುರೆ ಕುಂಟಿದರೆ ಇನ್ನೊಂದನ್ನು ಅವನೇ ಹುಡುಕಿಕೊಳ್ಳಬೇಕು. ಅದಕ್ಕೆಂದು ಊರಿಗೆ ಹೊರಟವನು ಎಷ್ಟೋ ದಿನ ದಂಡಿಗೆ ಸಿಗುತ್ತಿರಲಿಲ್ಲ.